ಚಿಗುರಿನ ಕಾಲಕ್ಕೆ ಬಾ

ಪ್ರೀತಿಯ ಗೆಳೆಯಾ,

ಅಮೆರಿಕದ ವರ್ಮಾಂಟ್‌ನಿಂದ ನೀನು ಕಳಿಸಿದ, ಎಲೆ ಉದುರುವ ಮುನ್ನ ಕೆಂಪಾದ ಮೇಪಲ್ ಮರಗಳ ಫೋಟೋಗಳನ್ನು ನೋಡಿದೆ. ಬಹಳ ಚೆನ್ನಾಗಿವೆ. ಆದರೆ ಜೊತೆಗೆ ಬರೆದ ಒಂದು ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ‘ನಮ್ಮ ಕಡೆ ಬರೀ ಹಸಿರು, ಈ ಬಣ್ಣ ಎಲ್ಲಿ ಬರಬೇಕು?’ ಅಂದಿದ್ದೀಯಲ್ಲ, ಅದಕ್ಕೇ ಈ ಕಾಗದ.

ನೀನು ಊರಿಗೆ ಬರುವುದು ಯಾವಾಗಲೂ ಡಿಸೆಂಬರ್ ರಜೆಗೆ. ಆಗ ಬಣ್ಣ ಕಾಣುವುದಿಲ್ಲ, ನಿಜ. ನಮ್ಮ ಕಾಡಿಗೆ ಕೆಂಪು ಬರುವುದು ಎಲೆ ಉದುರುವಾಗ ಅಲ್ಲ, ಹುಟ್ಟುವಾಗ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಬಂದು ನೋಡು. ಮೇಪಲ್ ಎಲೆಯನ್ನು ಕೆಂಪು ಮಾಡುವ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು ಇಲ್ಲಿಯೂ ಇದೆ. ಅಲ್ಲಿ ಹಸಿರು ಕರಗಿದ ಮೇಲೆ ಅದು ಕಾಣಿಸುತ್ತದೆ, ಇಲ್ಲಿ ಹಸಿರು ತುಂಬುವ ಮೊದಲೇ.

ಶಿವಮೊಗ್ಗದಿಂದ ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗುವ ರಸ್ತೆ ನಿನಗೆ ಗೊತ್ತೇ ಇದೆ. ಆ ಕಡೆ ಸಾಗಡೆ ಮರ ಚಿಗುರಿದ್ದನ್ನು ಒಮ್ಮೆ ನೋಡಬೇಕು ಮಾರಾಯ. ದೂರದಿಂದ ನೋಡಿದರೆ ಹೂವು ಅಂತಲೇ ಅನ್ನಿಸುತ್ತದೆ. ಹತ್ತಿರ ಹೋದರೆ ಎಲ್ಲಾ ಎಲೆಯೇ. ನಾಗಸಂಪಿಗೆಯ ಚಿಗುರಂತೂ ಒದ್ದೆ ಬಟ್ಟೆಯ ಹಾಗೆ ಕೊಂಬೆಯಿಂದ ಜೋತು ಬಿದ್ದಿರುತ್ತದೆ. ಮುಟ್ಟಿದರೆ ಅಷ್ಟು ಮೆತ್ತಗೆ. ತುದಿಯ ಎಲೆ ಕಡುಗೆಂಪು, ಅದರ ಹಿಂದಿನದು ತಾಮ್ರದ ಬಣ್ಣ, ಬುಡದ್ದು ಹಳೆಯ ಹಸಿರು. ಒಂದೇ ಕೊಂಬೆಯಲ್ಲಿ ಇಷ್ಟೂ ಸಿಗುತ್ತದೆ. ಕೆಲವೇ ದಿನ ಅಷ್ಟೆ, ಆಮೇಲೆ ಎಲ್ಲವೂ ಹಸಿರಾಗಿಬಿಡುತ್ತದೆ. ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಆಗುಂಬೆಗೆ ಜನ ಮಳೆಗಾಲದಲ್ಲಿ ಕ್ಯಾಮೆರಾ ಹಿಡಿದು ಮುಗಿಬೀಳುತ್ತಾರೆ. ಈ ಚಿಗುರಿನ ಕಾಲಕ್ಕೆ ಬರುವವರು ಕಡಿಮೆ. ನನಗೆ ಅದು ಬೇಸರದ ಸಂಗತಿ.

ಫೋಟೋ ವಿಷಯಕ್ಕೆ ಬರೋಣ. ಚಿಗುರಿಗೆ ಬೆಳಕು ಹಿಂದಿನಿಂದ ಬರಬೇಕು. ಸೂರ್ಯನಿಗೆ ಎದುರಾಗಿ ನಿಂತು ಎಲೆಯ ಮೂಲಕ ಬೆಳಕು ಹಾಯುವಂತೆ ತೆಗೆದರೆ ಒಳಗಿನ ನರಗಳೂ ಕಾಣುತ್ತವೆ. ಬಣ್ಣದ ಛಾಯೆ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡ, ಅದು ಕೆಂಪನ್ನು ಸಪ್ಪೆ ಮಾಡುವುದುಂಟು. ಡೇಲೈಟ್‌ಗೆ ಇಟ್ಟುಬಿಡು. ಎಕ್ಸ್‌ಪೋಷರ್ ಸ್ವಲ್ಪ ಇಳಿಸು. ಬೆಳಕಿನ ಪ್ರಮಾಣ ತೋರಿಸುವ ಒಟ್ಟು ಹಿಸ್ಟೋಗ್ರಾಂ ನಕ್ಷೆ ಸರಿ ಇದ್ದಾಗಲೂ ಕೆಂಪು ಚಾನೆಲ್ ಮಾತ್ರ ತುಂಬಿಹೋಗಿರಬಹುದು, ಆಗ ಎಲೆಯ ವಿವರವೆಲ್ಲ ಅಳಿಸಿಹೋಗುತ್ತದೆ. ಬಲಿತ ಎಲೆಗಳ ಮೇಲಿನ ಹೊಳಪು ತೆಗೆಯಲು ಪೋಲರೈಸರ್ ಫಿಲ್ಟರ್ ಬೇಕೇ ಬೇಕು. ಮಾರ್ಚ್‌ನಲ್ಲಿ ಬಿಸಿಲೇರಿದರೆ ಗುಡ್ಡಗಳ ಮೇಲೆಲ್ಲ ಮಬ್ಬು ಕೂರುತ್ತದೆ. ಆದ್ದರಿಂದ ದೂರದ ಚಿತ್ರಗಳನ್ನು ಬೆಳಿಗ್ಗೆಯೇ ಮುಗಿಸು. ಉದ್ದದ ಲೆನ್ಸ್ ಮರೆಯದೇ ತಾ. ವೈಡ್ ಲೆನ್ಸಿನಲ್ಲಿ ಇಡೀ ಗುಡ್ಡ ಹಿಡಿದರೆ ಆ ಒಂದು ಕೆಂಪು ಮರ ಕಳೆದೇಹೋಗುತ್ತದೆ.

ಆಮೇಲೆ ಬಂಡೀಪುರದ ಕಡೆ ಹೋಗೋಣ. ಎಲೆ ಉದುರಿಸಿ ನಿಂತ ಕಾಡಿನಲ್ಲಿ ಮುತ್ತುಗ ಕೇಸರಿಯಾಗಿ ಅರಳಿರುತ್ತದೆ. ಬೆಳಿಗ್ಗೆ ಮಕರಂದಕ್ಕೆ ಗೊರವಂಕ, ಸೂರಕ್ಕಿ ಎಲ್ಲಾ ಬರುತ್ತವೆ. ಆದರೆ ಕಾಡಿನೊಳಗಿನ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೂ ಇಲ್ಲ. ಒಂದು ಫೋಟೋಗಾಗಿ ಆ ನಿಯಮ ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ಕಾಡಂಚಿನ ಹಳ್ಳಿಗಳ ಕಡೆ ನಿಧಾನವಾಗಿ ಹುಡುಕೋಣ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಹಾಗಾಗಿ ಬೆಟ್ಟ ಹತ್ತುವ ಆಸೆ ಈ ಸಲ ಇಟ್ಟುಕೊಳ್ಳಬೇಡ.

ಡಿಸೆಂಬರ್ ಟಿಕೆಟ್ ಇನ್ನೂ ಮಾಡಿಸಿಲ್ಲ ಅಲ್ವಾ? ಮಾಡಿಸಬೇಡ. ರಜೆ ಮಾರ್ಚ್‌ಗೆ ಸಿಗುತ್ತದಾ ಕೇಳಿ ತಿಳಿಸು, ನಾನೂ ಆಗಲೇ ರಜೆ ಹಾಕುತ್ತೇನೆ.

ನಿನ್ನ ಗೆಳೆಯ