ಓವನ್ ಬಳಸಿದವರು ಒಳಗಿನ ಮೇಲ್ಭಾಗವನ್ನೂ ಒರೆಸಿ

ಅಕ್ಕಂದಿರೇ, ತಂಗಿಯರೇ, ನಮಸ್ಕಾರ. ನಿನ್ನೆ ಸಂಜೆ ಬಾಳೆಕಾಯಿ ಹೋಳು ಹುರಿಯಲು ನಮ್ಮ ಸಂಘದ ಏರ್ ಫ್ರೈಯರ್ ಓವನ್ ಹಾಕಿದೆ. ಐದೇ ನಿಮಿಷಕ್ಕೆ ಅಡುಗೆಮನೆ ತುಂಬ ಹೊಗೆ, ಸುಟ್ಟ ಎಣ್ಣೆಯ ಕಮಟು. ಆರಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಮೇಲಿನ ಕಾಯಿಲ್ ತುಂಬ ಬೆಲ್ಲದ ಪಾಕದಂತೆ ಅಂಟಿದ ಕಂದು ಜಿಡ್ಡು.

ತಟ್ಟೆ, ಬುಟ್ಟಿ ಎಲ್ಲರೂ ತೊಳೆದೇ ಇಡುತ್ತೀರಿ. ಮರೆತುಹೋಗುವುದು ಈ ಮೇಲ್ಭಾಗ. ಫ್ಯಾನ್ ಬಿಸಿಗಾಳಿ ಸುತ್ತಿಸುವಾಗ ಎಣ್ಣೆಯ ಹನಿಗಳೂ ಹಾರಿ ಕಾಯಿಲ್‌ಗೆ ಅಂಟುತ್ತವೆ, ಮುಂದಿನ ಸಲ ಕಾದಾಗ ಅದೇ ಹೊಗೆ. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ, ಪಾತ್ರೆ ಸೋಪಿನ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ನೀರು ಮಾತ್ರ ಎರಚಬೇಡಿ, ದಯವಿಟ್ಟು. ಗಾಜಿನ ಬಾಗಿಲಿನ ಹಳೇ ಕಲೆಗೆ ಅಡುಗೆ ಸೋಡಾವನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ, 20 ನಿಮಿಷ ಬಿಟ್ಟು ಒರೆಸಿದರೆ ಬಿಡುತ್ತದೆ. ಕಾಯಿಲ್‌ಗೆ ಸೋಡಾ ಬೇಡ. ಸ್ಟೀಲ್ ನಾರು ಎಲ್ಲಿಗೂ ಬೇಡ: ಬುಟ್ಟಿಯ ನಾನ್‌ಸ್ಟಿಕ್ ಲೇಪ ಕಿತ್ತು ಬರುತ್ತದೆ, ಉದುರಿದ ಎಳೆ ಕಾಯಿಲ್‌ಗೆ ತಾಗಿದರೆ ಅಪಾಯ.

ನಮ್ಮ ಚಿಕ್ಕಮಗಳೂರಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಒದ್ದೆ ಜಾಲರಿ ಒಳಗಿಟ್ಟು ಬಾಗಿಲು ಹಾಕಿದರೆ ತುಕ್ಕು, ಬೂಷ್ಟು ಎರಡೂ ಬರುತ್ತವೆ. ಒರೆಸಿದ ಮೇಲೆ 150 ಡಿಗ್ರಿಗಿಟ್ಟು 5 ನಿಮಿಷ ಖಾಲಿ ಓಡಿಸಿ. ಮೀನು ಮಾಡಿದ್ದರೆ ಜಾಲರಿಗೆ ನಿಂಬೆಹೋಳು ಉಜ್ಜಿ ತೊಳೆಯಿರಿ. ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬೇಡಿ, ಗೋಡೆಯ ದೊಡ್ಡ ಪ್ಲಗ್ಗಿಗೇ ಹಾಕಿ.

ಶನಿವಾರ 4 ಗಂಟೆಗೆ ನಾನು ಕೂತು ಪೂರ್ತಿ ಕ್ಲೀನ್ ಮಾಡುತ್ತೇನೆ. ಇಬ್ಬರು ಕೈ ಜೋಡಿಸಿ, ಬರುವಾಗ ಹಳೇ ಕಾಟನ್ ಬಟ್ಟೆ ತನ್ನಿ.