‘ಸಿಗಲಿಲ್ಲ’ ಅಂತ ಬರೆ, ‘ಇಲ್ಲ’ ಅಂತ ಬರೆಯಬೇಡ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಹುಟ್ಟುವಾಗಲೇ ಎಚ್‌ಐವಿ ತಗುಲಿದ ಮಕ್ಕಳ ರಕ್ತದ ಮೇಲೆ ಕೆಲಸ ಸಿಕ್ಕಿದೆ ಅಂತ ಓದಿ ಖುಷಿಯಾಯ್ತು. ಸ್ವಲ್ಪ ದಿಗಿಲೂ ಆಯ್ತು. ಇಪ್ಪತ್ತು ವರ್ಷ ಫ್ಲೋ ಸೈಟೋಮೀಟರ್, ಅಂದರೆ ರಕ್ತದ ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಯಂತ್ರ, ಅದರ ಮುಂದೆ ಕೂತವಳು ನಾನು. ನಾನು ಬಿದ್ದ ಗುಂಡಿಗೇ ನೀನೂ ಬೀಳಬಾರದಲ್ವಾ?

ಕೆಲಸಕ್ಕೆ ಸೇರಿದ ಹೊಸತು. ಹತ್ತು ತಿಂಗಳ ಕೂಸಿನ ಟ್ಯೂಬ್ ಬಂತು. ನೇರಳೆ ಮುಚ್ಚಳ, ತಳದಲ್ಲಿ ಒಂದೇ ಮಿಲಿಲೀಟರ್ ರಕ್ತ. ಅಷ್ಟು ತೆಗೆಯೋದಕ್ಕೇ ಆ ಮಗು ಎಷ್ಟು ಅತ್ತಿತ್ತೋ. ಎಚ್‌ಐವಿ ಹೊಕ್ಕು ಹಾಳುಮಾಡುವ ರಕ್ಷಣಾ ಕೋಶ ಸಿಡಿ4, ಅದರ ಎಣಿಕೆ ಮೈಕ್ರೋಲೀಟರ್‌ಗೆ 900 ಅಂತ ಬಂತು. ದೊಡ್ಡವರಲ್ಲಿ 500 ದಾಟಿದರೆ ಚಿಂತೆಯಿಲ್ಲ ಅನ್ನೋದು ತಲೆಯಲ್ಲಿ ಕೂತಿತ್ತು. ‘ಪರವಾಗಿಲ್ಲ’ ಅಂದುಬಿಟ್ಟೆ. ಪಕ್ಕದಲ್ಲಿದ್ದ ಹಿರಿಯರು ತಲೆಯೆತ್ತದೆ, ‘ಪರ್ಸೆಂಟ್ ಎಷ್ಟಮ್ಮಾ?’ ಅಂದರು. ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳಲ್ಲಿ ಸಿಡಿ4 ಪಾಲು ನೋಡಿದರೆ 18. ಒಂದು ವರ್ಷದೊಳಗಿನ ಕೂಸಿಗೆ 1500ಕ್ಕಿಂತ ಕೆಳಗೆ ಬಂದರೆ, 25 ಪರ್ಸೆಂಟ್‌ಗಿಂತ ಕೆಳಗೆ ಬಂದರೆ, ಅದು ಕೊರತೆಯೇ. ಆವತ್ತು ನನ್ನ ಮುಖ ಸಣ್ಣಗಾಗಿದ್ದು ಇವತ್ತಿಗೂ ನೆನಪಿದೆ.

ಕೋಶದ ಮೇಲಿನ ಗುರುತಿನ ಪ್ರೋಟೀನುಗಳು, ಅಂದರೆ ಮಾರ್ಕರ್‌ಗಳು, ಬೇರೆಯವುಗಳದ್ದೂ ಇದೇ ಕತೆ. ಸಿಡಿ38 ಜಾಸ್ತಿ ಇದ್ದರೆ ಟಿ ಕೋಶ (ಸಿಡಿ4 ಕೋಶವೂ ಇದರದ್ದೇ ಒಂದು ಬಗೆ) ಕೆರಳಿದೆ ಅಂತ ಪುಸ್ತಕ ಹೇಳುತ್ತದೆ. ಆದರೆ ಆರೋಗ್ಯವಾಗಿರುವ ಹಸುಗೂಸಿನ ಟಿ ಕೋಶದ ಮೇಲೂ ಸಿಡಿ38 ತುಂಬಿರುತ್ತದೆ. ಅದನ್ನು ಕೆರಳಿದ್ದನ್ನು ತೋರಿಸುವ ಇನ್ನೊಂದು ಮಾರ್ಕರ್ ಎಚ್‌ಎಲ್‌ಎ-ಡಿಆರ್ ಜೊತೆ ಇಟ್ಟು ನೋಡು. ಅದೇ ವಯಸ್ಸಿನ, ಸೋಂಕಿಲ್ಲದ ಮಗುವಿನ ರಕ್ತ ಪಕ್ಕದಲ್ಲಿಲ್ಲದೆ ಏನೂ ಹೇಳಬೇಡ.

ಈಗ ವೈರಸ್ ಅಡಗಿ ಕೂರುವ ವಿಷಯ. ನನಗೆ ಇದರ ಹುಚ್ಚು ಇನ್ನೂ ಬಿಟ್ಟಿಲ್ಲ. ವೈರಸ್ ತನ್ನ ಡಿಎನ್‌ಎಯನ್ನು ಸಿಡಿ4 ಕೋಶದ ಡಿಎನ್‌ಎಗೇ ಹೊಲಿದುಬಿಡುತ್ತದೆ. ಆ ಕೋಶ ಮಲಗಿದರೆ ವೈರಸ್ಸೂ ಮಲಗುತ್ತದೆ, ಕೋಶ ಒಂದು ಎರಡಾದರೆ ಅದೂ ಎರಡಾಗುತ್ತದೆ. ಔಷಧಿ ಹೊಸ ಕೋಶಕ್ಕೆ ಹಬ್ಬುವುದನ್ನು ತಡೆಯುತ್ತದೆ, ಅಷ್ಟೇ. ಮಲಗಿರುವುದನ್ನು ಮುಟ್ಟುವುದಿಲ್ಲ. ಹೆಚ್ಚಾಗಿ ಮಲಗುವುದು ಸಿಡಿ45ಆರ್‌ಒ ಮಾರ್ಕರ್ ಇರುವ, ಹಿಂದೆ ಕಂಡ ಸೋಂಕನ್ನು ನೆನಪಿಟ್ಟುಕೊಳ್ಳುವ ‘ನೆನಪಿನ ಕೋಶ’ಗಳಲ್ಲಿ. ಕೂಸಿನಲ್ಲಿ ಇನ್ನೂ ಸಿಡಿ45ಆರ್‌ಎ ಇರುವ, ಸೋಂಕು ಕಾಣದ ಎಳೆ ಕೋಶಗಳದ್ದೇ ರಾಜ್ಯ. ಅದಕ್ಕೇ ಮೊದಲ ವಾರಗಳಲ್ಲೇ ಔಷಧಿ ಶುರುಮಾಡಿದರೆ ವೈರಸ್ಸಿಗೆ ಸಿಗುವ ಅಡಗುತಾಣ ಚಿಕ್ಕದು. ದೊಡ್ಡವರಲ್ಲಿ ಪಿಡಿ-1 ಅನ್ನೋ ಮಾರ್ಕರ್ ಜಾಸ್ತಿ ಇರುವ, ದಣಿದ ಕೋಶಗಳಲ್ಲಿ ವೈರಸ್ಸಿನ ಡಿಎನ್‌ಎ ಜಾಸ್ತಿ ಸಿಗುತ್ತದೆ. ಹಾಗಂತ ಪಿಡಿ-1 ಕಂಡಲ್ಲೆಲ್ಲ ವೈರಸ್ ಇದೆ ಅಂತಲ್ಲ. ಕೆಲಸಕ್ಕೆ ಇಳಿದ ಕೋಶವೂ ಅದನ್ನು ತೋರಿಸುತ್ತದೆ.

ಆ 900ರ ಟ್ಯೂಬ್‌ಗೇ ಬಾ. ಒಂದು ಮೈಕ್ರೋಲೀಟರ್‌ಗೆ 900 ಅಂದರೆ ಆ ಮಿಲಿಲೀಟರ್‌ನಲ್ಲಿ ಸಿಡಿ4 ಕೋಶ ಒಂಬತ್ತು ಲಕ್ಷ. ಔಷಧಿಯಲ್ಲಿರುವ ದೊಡ್ಡವರಲ್ಲೇ, ಮತ್ತೆ ಎದ್ದು ಬರಬಲ್ಲ ವೈರಸ್ ಇರುವುದು ಹತ್ತು ಲಕ್ಷಕ್ಕೆ ಒಂದು ಕೋಶದ ಆಸುಪಾಸು. ಬೇಗ ಔಷಧಿ ಶುರುವಾದ ಮಗುವಿನಲ್ಲಿ ಇನ್ನೂ ಕಡಿಮೆ. ಅಂದರೆ ನಿನ್ನ ಕೈಯಲ್ಲಿರುವ ಟ್ಯೂಬ್‌ನಲ್ಲಿ ಅಂಥದ್ದು ಒಂದೂ ಇಲ್ಲದೇ ಇರಬಹುದು, ಮಗುವಿನ ಮೈಯಲ್ಲಿ ಬೇಕಾದಷ್ಟಿರಬಹುದು. ಅದಕ್ಕೇ ಹೇಳೋದು, ರಿಪೋರ್ಟ್‌ನಲ್ಲಿ ‘ಸಿಗಲಿಲ್ಲ’ ಅಂತ ಬರೆ. ಎಷ್ಟು ಕೋಶ ನೋಡಿದೆ ಅನ್ನೋದನ್ನೂ ಪಕ್ಕದಲ್ಲಿ ಬರೆ.

2010ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಮಗುವಿನ ವಿಷಯ ನೀನು ಓದಿರುತ್ತೀಯ. ಹುಟ್ಟಿದ ಸುಮಾರು 30 ಗಂಟೆಗೇ ಔಷಧಿ ಶುರು. ಒಂದೂವರೆ ವರ್ಷದ ಹೊತ್ತಿಗೆ ಔಷಧಿ ನಿಂತಿತು, ಆದರೂ ವೈರಸ್ ಕಾಣಲಿಲ್ಲ. 2013ರಲ್ಲಿ ಸುದ್ದಿ ಹೊರಬಿದ್ದಾಗ ನಾವೂ ಲ್ಯಾಬ್‌ನಲ್ಲಿ ಚಪ್ಪಾಳೆ ಹೊಡೆದೆವು. ಎರಡು ವರ್ಷಕ್ಕೂ ಮೇಲೆ ಔಷಧಿಯಿಲ್ಲದೆ ಇದ್ದ ಮಗುವಿನಲ್ಲಿ 2014ರಲ್ಲಿ ವೈರಸ್ ಮತ್ತೆ ಎದ್ದಿತು. ಅಷ್ಟು ದಿನ ಎಲ್ಲಿತ್ತು ಹೇಳು?

ಇನ್ನೊಂದು. ಬಹಳ ಬೇಗ ಔಷಧಿ ಸಿಕ್ಕ ಎಷ್ಟೋ ಮಕ್ಕಳಲ್ಲಿ ಅಮ್ಮನಿಂದ ಬಂದ ಆಂಟಿಬಾಡಿ 18 ತಿಂಗಳೊಳಗೆ ಕರಗಿಹೋಗುತ್ತದೆ, ತಮ್ಮದೇ ಆಂಟಿಬಾಡಿ ಬೆಳೆದಿರುವುದೇ ಇಲ್ಲ. ವೈರಸ್ ಒಳಗೇ ಅಡಗಿದ್ದರೂ ಆಂಟಿಬಾಡಿ ಟೆಸ್ಟ್ ನೆಗೆಟಿವ್ ಬರುತ್ತದೆ. ಅಂಥ ಚೀಟಿ ಹಿಡಿದು ಒಬ್ಬ ತಂದೆ ನಮ್ಮ ಕಿಟಕಿಗೆ ಬಂದಿದ್ದ. ‘ವಾಸಿಯಾಯ್ತಲ್ಲ ಮೇಡಂ, ಸಿರಪ್ ನಿಲ್ಲಿಸಲಾ?’ ಅಂದ. ಅವನ ಕಣ್ಣಲ್ಲಿದ್ದ ಆಸೆ ನೋಡಿ ನನಗೆ ಬಾಯಿ ಬರಲಿಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ನಿನ್ನ ಕಿಟಕಿಗೂ ಅಂಥವರು ಬಂದೇ ಬರುತ್ತಾರೆ. ಅಲ್ಲೇ ನಿಂತು ಉತ್ತರ ಕೊಡಬೇಡ, ಹಾಗೇ ಸುಮ್ನೆ ಕಳಿಸಲೂ ಬೇಡ.

ನಿಮ್ಮ ಪ್ಯಾನೆಲ್‌ನಲ್ಲಿ, ಅಂದರೆ ಒಟ್ಟಿಗೆ ನೋಡುವ ಮಾರ್ಕರ್‌ಗಳ ಪಟ್ಟಿಯಲ್ಲಿ, ಏನೇನು ಇಟ್ಟಿದ್ದಾರೆ? ಪಿಡಿ-1 ಜೊತೆ, ಅದರ ಹಾಗೇ ದಣಿವು ತೋರಿಸುವ ಟಿಜಿಟ್ ಇದೆಯಾ? ಮುಂದಿನ ಕಾಗದದಲ್ಲಿ ಬರೆ. ಮತ್ತೆ ರಾತ್ರಿ ಹತ್ತರ ಮೇಲೆ ಗೇಟಿಂಗ್ (ಪರದೆಯ ಮೇಲೆ ಕೋಶಗಳ ಗುಂಪು ಬೇರೆ ಮಾಡೋ ಕೆಲಸ) ಮಾಡಬೇಡ, ಬೆಳಿಗ್ಗೆ ಎದ್ದು ಎಲ್ಲಾ ಹೊಸದಾಗಿ ಮಾಡಬೇಕಾಗುತ್ತದೆ.

ಇಂತಿ,
ನಿನ್ನ ದೊಡ್ಡಮ್ಮ