ಕೊಟ್ಟಿಗೆಯ ಮಷೀನುಗಳ ವಿಚಾರವಾಗಿ ಮಗಳಿಗೊಂದು ಪತ್ರ

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ ನಿನ್ನ ಅಪ್ಪಯ್ಯ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕೊಟ್ಟಿಗೆಯ ಮಾಡು ಬದಲಾಯಿಸುವ ಮೊದಲು ಅಲ್ಲಿರುವ ಹಳೆಯ ವಾಷಿಂಗ್ ಮಷೀನುಗಳನ್ನು ಶಿವಮೊಗ್ಗದ ಗುಜರಿಗೆ ಕೊಟ್ಟುಬಿಡಬಾರದೇ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತು ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೊಡಲು ನನಗೆ ಮನಸ್ಸಿಲ್ಲ. ಯಾಕೆಂಬುದು ನಿನಗೆ ತಿಳಿದಿರಬೇಕು.

ನಮ್ಮ ಮಲೆನಾಡಿನಲ್ಲಿ ಬಟ್ಟೆ ಒಗೆಯುವುದಕ್ಕಿಂತ ಒಣಗಿಸುವುದು ದೊಡ್ಡ ಕಷ್ಟ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ. ಆಷಾಢ ಹಿಡಿಯಿತೆಂದರೆ ನಿನ್ನ ಅಜ್ಜಿ ಬಚ್ಚಲೊಲೆಯ ಮೇಲೆ ಅಡ್ಡಕೋಲುಗಳನ್ನು ಕಟ್ಟಿ ಒದ್ದೆ ಬಟ್ಟೆಗಳನ್ನೆಲ್ಲ ಅವುಗಳ ಮೇಲೆ ಹರವುತ್ತಿದ್ದರು. ನಾವು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿಗಳು ಅರ್ಧ ಒದ್ದೆಯಾಗಿ, ಹೊಗೆಯ ವಾಸನೆ ಹೊಡೆಯುತ್ತಿದ್ದವು. ಆದ್ದರಿಂದಲೇ ತೊಂಬತ್ತರ ದಶಕದಲ್ಲಿ ವಿಡಿಯೋಕಾನ್, ಬಿಪಿಎಲ್ ಎಂದು ಎರಡು ಟಬ್ಬಿನ ಸೆಮಿ ಆಟೊಮ್ಯಾಟಿಕ್ ಮಷೀನುಗಳು ನಮ್ಮ ಕಡೆಗೆ ಬಂದಾಗ ಜನ ಆಸೆಪಟ್ಟದ್ದು ಒಗೆಯುವ ಟಬ್ಬಿಗಲ್ಲ, ಅದರ ಪಕ್ಕದಲ್ಲಿದ್ದ ಡ್ರೈಯರಿಗೆ. ಮಷೀನು ಮನೆಗೆ ಬಂದ ಮೇಲೂ ಎಷ್ಟೋ ಹೆಂಗಸರು ಬಟ್ಟೆಯನ್ನು ಕಲ್ಲಿನ ಮೇಲೆಯೇ ಒಗೆದು, ಹಿಂಡುವುದಕ್ಕೆ ಮಾತ್ರ ಡ್ರೈಯರಿಗೆ ಹಾಕುತ್ತಿದ್ದರು. ನಿನ್ನ ಅಮ್ಮನೂ ಹಾಗೆಯೇ ಮಾಡುತ್ತಿದ್ದಳು, ಮತ್ತು ಅದು ಸರಿಯಾದ ಬಳಕೆಯೇ ಎಂದು ನಾನು ಈಗಲೂ ಹೇಳುತ್ತೇನೆ.

ಡ್ರೈಯರಿನೊಳಗೆ ತೂತುಗಳಿರುವ ಒಂದು ಸಣ್ಣ ಬುಟ್ಟಿ, ಅದರ ನೇರ ಕೆಳಗೆ ಒಂದು ಮೋಟಾರು, ಇಷ್ಟೇ ಇರುವುದು. ಬುಟ್ಟಿ ನಿಮಿಷಕ್ಕೆ 1,300ರಷ್ಟು ಸುತ್ತು ತಿರುಗುವಾಗ ಬಟ್ಟೆ ಅಂಚಿಗೆ ಒತ್ತಿಕೊಂಡು, ನೀರು ಆ ತೂತುಗಳಿಂದ ಹೊರಕ್ಕೆ ಚಿಮ್ಮಿ ಹೋಗುತ್ತದೆ. ಮುಚ್ಚಳ ಎತ್ತಿದ ಕೂಡಲೇ ಕರೆಂಟು ಕಡಿದು, ಒಂದು ತಂತಿ ಸಡಿಲವಾಗಿ ಬ್ರೇಕು ಹಿಡಿಯುತ್ತದೆ. ಮೋಟಾರಿನಿಂದ ಬುಟ್ಟಿಗೆ ಹೋಗುವ ಕಂಬಿಯ ಸುತ್ತ ರಬ್ಬರಿನ ಸೀಲ್ ಇರುತ್ತದಲ್ಲ, ಅದು ಸೀಳಿದರೆ ನೀರು ತೊಟ್ಟುತೊಟ್ಟಾಗಿ ಕೆಳಗಿಳಿದು ಮೋಟಾರಿನ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ, ಆಮೇಲೆ ಇಡೀ ಮನೆಗೆ ಕೇಳುವಂತೆ ಕಿರುಚತೊಡಗುತ್ತದೆ. ಮಷೀನೇ ಹೋಯಿತೆಂದು ಜನ ಹಿತ್ತಲಿಗೆ ಹಾಕಿಬಿಡುತ್ತಿದ್ದರು. ಹೋದದ್ದು ಅಂಗೈಯಲ್ಲಿ ಹಿಡಿಯುವಷ್ಟು ರಬ್ಬರು ಮಾತ್ರ. ಅಂಥವುಗಳನ್ನೇ ನಾನು ಮನೆಗೆ ತಂದು, ಸೀಲು, ಬೇರಿಂಗು ಬದಲಾಯಿಸಿ, ಇಲಿ ಕಡಿದ ವಯರುಗಳನ್ನು ಜೋಡಿಸಿ, ಇಲಿ ನುಗ್ಗದಂತೆ ತಳಕ್ಕೆ ಜಾಲರಿ ಹೊಡೆದು, ಬೇಕೆಂದವರಿಗೆ ಕೊಡುತ್ತಿದ್ದೆ. ಯಾರೂ ಕೇಳದವು ಕೊಟ್ಟಿಗೆಯಲ್ಲಿ ಉಳಿದವು.

ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿತ್ತು. ವೋಲ್ಟೇಜು ಅರ್ಧಕ್ಕಿಳಿದರೆ ಇಂಥ ಮೋಟಾರಿನ ತಿರುಗುವ ಬಲ ಅರ್ಧಕ್ಕಲ್ಲ, ಕಾಲು ಭಾಗಕ್ಕಿಳಿಯುತ್ತದೆ. ಆಗ ಅದು ನಿಂತಲ್ಲೇ ಗುಂಯ್ ಎನ್ನುತ್ತದೆ, ಹಾಗೆಯೇ ಬಿಟ್ಟರೆ ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಟ್ಟುಹೋಗುತ್ತದೆ. ಮೋಟಾರು ತಿರುಗಲು ಶುರುಮಾಡುವಂತೆ ನೆರವಾಗುವ ಕಂಡೆನ್ಸರು ಸೋತಾಗಲೂ ಅದೇ ಸದ್ದು. ವೋಲ್ಟೇಜು ಸರಿಯಿದ್ದು, ಒಗೆಯುವ ಟಬ್ಬಿನ ಕಡೆಯ ಬೆಲ್ಟಿನ ಪುಲ್ಲಿಯನ್ನು ಒಂದು ಕೋಲಿನಿಂದ ತಳ್ಳಿದರೆ ತಿರುಗಿಕೊಳ್ಳುತ್ತದೆಂದಾದರೆ ದೋಷ ಕಂಡೆನ್ಸರಿನದು. ಕಿವಿಯಿಂದಲೇ ಕಾಯಿಲೆ ಗುರುತಿಸುವುದನ್ನು ನನಗೆ ಕಲಿಸಿದ್ದು ಈ ಮಷೀನುಗಳು. ಆ ಸಂತೋಷ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಮೂಲೆಯಲ್ಲಿ ಗೋಣಿ ಹೊದಿಸಿಟ್ಟಿರುವುದನ್ನು ಮಾತ್ರ ನೀನು ಬೇರೆಯಾಗಿ ನೋಡಬೇಕು. ಕೊಪ್ಪದ ಕಡೆಯ ಕಾಫಿ ತೋಟದ ಬಂಗಲೆಯೊಂದರ ಸಾಮಾನು ಮಾರುವಾಗ ಕೊಂಡ ಹೂವರ್ ಕಂಪನಿಯ ಹಳೆಯ ವಾಷಿಂಗ್ ಮಷೀನು ಅದು. ಬ್ರಿಟನ್ನಿನ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಲ್ಲಿ 1948ರಲ್ಲಿ ತೆರೆದ ಕಾರ್ಖಾನೆಯಲ್ಲಿ ಈ ಬಗೆಯ ಮಷೀನುಗಳು ತಯಾರಾಗುತ್ತಿದ್ದವು. ನಮ್ಮ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದೂ ಅದೇ ಸುಮಾರಿಗೆ. ಇದರಲ್ಲಿ ನೀರು ಕಡೆಯುವ ಚಕ್ರ ಟಬ್ಬಿನ ತಳದಲ್ಲಿಲ್ಲ, ಪಕ್ಕದ ಗೋಡೆಯಲ್ಲಿದೆ. ಮೇಲೆ ಕೈಯಿಂದ ತಿರುಗಿಸುವ ಎರಡು ಉರುಳೆಗಳಿದ್ದು, ಬಟ್ಟೆಯನ್ನು ಅವುಗಳ ನಡುವೆ ಕಬ್ಬಿನಂತೆ ತೂರಿಸಿ ಹಿಂಡಬೇಕು. ಉರುಳೆಗಳ ರಬ್ಬರು ಕಲ್ಲಾಗಿ ಬಿರಿದಿತ್ತು. ಶಿವಮೊಗ್ಗದಲ್ಲಿ ಪ್ರೆಸ್ಸು ನಡೆಸುತ್ತಿದ್ದ ಸ್ನೇಹಿತರು ತಮ್ಮ ಮುದ್ರಣ ಯಂತ್ರದ ರೋಲರುಗಳ ಜೊತೆಗೆ ಇವನ್ನೂ ಕಳಿಸಿ ಹೊಸ ರಬ್ಬರು ಹಾಕಿಸಿಕೊಟ್ಟರು. ಈಗಲೂ ಚೆನ್ನಾಗಿ ನಡೆಯುತ್ತದೆ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಮಾತ್ರ ಯಾರೂ ಹಾಕಕೂಡದು, ಮೈಯೆಲ್ಲ ಕಬ್ಬಿಣ.

ನಿನ್ನ ಬೆಂಗಳೂರಿನ ಮಷೀನು ಇವೆಲ್ಲಕ್ಕಿಂತ ಕಡಿಮೆ ನೀರಿನಲ್ಲಿ ಚೊಕ್ಕವಾಗಿ ಒಗೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈಗಿನ ಅನೇಕ ಮಷೀನುಗಳ ಟಬ್ಬನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ, ಒಂದು ಬೇರಿಂಗು ಹೋದರೂ ಇಡೀ ಟಬ್ಬನ್ನೇ ಹಾಕಿಸಬೇಕು. ಊರಿನ ಮೆಕ್ಯಾನಿಕ್ಕಿಗೆ ಕೈಯಾಡಿಸಲು ಜಾಗವಿಲ್ಲದ ವಸ್ತುವನ್ನು ನಾನು ಒಳ್ಳೆಯ ವಸ್ತುವೆಂದು ಒಪ್ಪಲಾರೆ. ಹೂವರನ್ನಾಗಲಿ, ಆ ಎರಡು ಟಬ್ಬಿನವುಗಳನ್ನಾಗಲಿ ಒಂದು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು ಇದ್ದರೆ ಪೂರ್ತಿ ಬಿಚ್ಚಿ ಜೋಡಿಸಬಹುದು.

ಆದ್ದರಿಂದ ಹೀಗೆ ಮಾಡೋಣ. ಮೈ ತುಕ್ಕು ಹಿಡಿದು ತೂತಾದವುಗಳಿಂದ ಮೋಟಾರು, ಟೈಮರು, ಗೇರ್ ಬಾಕ್ಸು ಬಿಚ್ಚಿಕೊಂಡು ಉಳಿದದ್ದನ್ನು ಗುಜರಿಗೆ ಕೊಡುತ್ತೇನೆ. ಹೂವರ್ ಮತ್ತು ಓಡುವ ಸ್ಥಿತಿಯಲ್ಲಿರುವವು ಮಾಡಿನ ಕೆಲಸ ಮುಗಿಯುವವರೆಗೆ ಅಡಿಕೆ ಮನೆಯಲ್ಲಿರಲಿ. ದೀಪಾವಳಿಗೆ ಬರುವಾಗ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಒಗೆಯುವ ಮೋಟಾರಿಗೆ 10 ಮೈಕ್ರೋಫ್ಯಾರಡ್ಡಿನ, ಡ್ರೈಯರಿಗೆ 5 ಮೈಕ್ರೋಫ್ಯಾರಡ್ಡಿನ ಕಂಡೆನ್ಸರುಗಳನ್ನು ತೆಗೆದುಕೊಂಡು ಬಾ. ಎರಡೂ 440 ವೋಲ್ಟಿನವಾಗಿರಲಿ. ಡ್ರೈಯರಿನ ಸೀಲನ್ನು ಅಳತೆ ನೋಡಿಯೇ ಕೊಳ್ಳಬೇಕು. ಹಳೆಯದೊಂದನ್ನು ಅಂಚೆಯಲ್ಲಿ ಕಳಿಸುತ್ತೇನೆ, ಅಂಗಡಿಯವರಿಗೆ ತೋರಿಸು.

ಅಳಿಯಂದಿರಿಗೆ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅಪ್ಪಯ್ಯ